ಎರೆ ಹೊಲದ ದಾರಿಗೆ ಬಿಳಿ ಸೀಟಿನ ಗಾಡಿ

ಕಳೆದ ಮಳೆಗಾಲದಲ್ಲಿ ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಗೆಳೆಯನದು ಹೊಸ ಫೋರ್ ಬೈ ಫೋರ್ ಗಾಡಿ, ಅಂದ್ರೆ ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವಂಥದ್ದು. ತೊಗರಿ ಮೊಣಕಾಲೆತ್ತರ ಬೆಳೆದಿತ್ತು. ಹಿಂದಿನ ರಾತ್ರಿ ಜೋರು ಮಳೆ ಆಗಿತ್ತು. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದು ಇನ್ನೂರು ಮೀಟರ್ ಹೋಗಿರಬಹುದು, ಗಾಡಿ ನಿಂತುಬಿಟ್ಟಿತು. ಗಾಲಿ ತಿರುಗುತ್ತಿದ್ದವು, ಗಾಡಿ ಮಾತ್ರ ಕದಲಲಿಲ್ಲ.

ಇಳಿದು ನೋಡಿದೆ. ಟೈರಿನ ಮೇಲಿನ ಉಬ್ಬು ಬಟನ್ ಒಂದೂ ಕಾಣುತ್ತಿರಲಿಲ್ಲ. ಸಂದಿಯಲ್ಲೆಲ್ಲ ಎರೆಮಣ್ಣು ಮೆತ್ತಿಕೊಂಡು ಗಾಲಿ ನುಣ್ಣಗಿನ ಕರಿ ಉಂಡೆ ಆಗಿತ್ತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಗಟ್ಟಿ ಬೆಲ್ಲದ ಪಾಕದ ಹಾಗೆ ಎಳೆದುಕೊಂಡು ಬರುತ್ತಿತ್ತು, ಎಬ್ಬಿಸಿದಷ್ಟೇ ಮತ್ತೆ ಅಂಟುತ್ತಿತ್ತು. ಒಳಗೆ ಎಸಿ ತಣ್ಣಗೆ ಓಡುತ್ತಿತ್ತು. ದೊಡ್ಡ ಸ್ಕ್ರೀನಿನ ಮೇಲೆ ಕೆಸರಿನ ಮೋಡ್ ಆನ್ ಆಗಿದೆ ಎಂದು ತೋರಿಸುತ್ತಿತ್ತು. ಬಿಳಿ ಸೀಟಿನ ಮೇಲೆ ನನ್ನ ಬೆರಳಿನ ಕರಿ ಗುರುತು ನಾಲ್ಕು.

ಟ್ರ್ಯಾಕ್ಟರ್ ತಂದು ಎಳೆದು ಹಾಕಿದ ಹುಡುಗ ಹಗ್ಗ ಬಿಚ್ಚುತ್ತಾ ಹೇಳಿದ: "ಗಾಡಿ ಭಾಳ ಚಂದ ಅದರಿ ಅಣ್ಣಾರ. ಆದ್ರ ಈ ಟಾಯರ್ ಹಾಕ್ಕೊಂಡು ಎರಿ ಹೊಲಕ್ಕ ಬರಬಾರ್ದ್ರಿ."

ಆ ಮಾತು ಇನ್ನೂ ತಲೆಯಲ್ಲಿ ಕೂತಿದೆ. ಯಾಕಂದ್ರೆ ಅವನು ಗಾಡಿಯ ಎಂಜಿನ್ ಬಗ್ಗೆ, ಬೆಲೆ ಬಗ್ಗೆ ಏನೂ ಅನ್ನಲಿಲ್ಲ. ಟೈರಿನ ಬಗ್ಗೆ ಮಾತ್ರ ಹೇಳಿದ. ಐಷಾರಾಮಿಯೂ ಇರಬೇಕು, ಕಾಡುಮೇಡಿಗೂ ಹೋಗಬೇಕು ಅನ್ನುವ ಗಾಡಿಗಳ ಜಗಳ ಶುರುವಾಗುವುದು ಅಲ್ಲಿಂದಲೇ. ಸುಖ ಮತ್ತು ಗಟ್ಟಿತನ ಒಂದಕ್ಕೊಂದು ವೈರಿ ಎಂದು ಎಲ್ಲರೂ ಹೇಳುತ್ತಾರೆ. ಇತಿಹಾಸ ನೋಡಿದರೆ ಹಾಗಿಲ್ಲ. ಸುಖಕ್ಕೂ ಗಟ್ಟಿತನಕ್ಕೂ ಚೆನ್ನಾಗಿಯೇ ಹೊಂದಿಕೆ ಇತ್ತು. ಹೊಂದದೇ ಇರುವುದು ಶೋಕಿ.

ಮೊದಲು ಜೀಪಿನಲ್ಲಿ ಸುಖದ ಪ್ರಶ್ನೆಯೇ ಇರಲಿಲ್ಲ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿ ಬೇಕಾಯಿತು. ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ ಮೊದಲ ಮಾದರಿ ಮಾಡಿತು. ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಜಾಸ್ತಿ ಜೀಪು ತಯಾರಿಸಿದವು. ಬಾಗಿಲಿಲ್ಲ, ಗಾಜಿನ ಕಿಟಕಿ ಇಲ್ಲ. ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತಮ್ಮ ಹೊಲದಲ್ಲಿ ಅಂಥ ಒಂದು ಹಳೆ ಜೀಪು ಓಡಿಸುತ್ತಿದ್ದರು. ಅದನ್ನೇ ನೋಡಿ 1948ರಲ್ಲಿ ಲ್ಯಾಂಡ್ ರೋವರ್ ತಂದರು. ಯುದ್ಧದ ನಂತರ ಉಕ್ಕು ಸಿಗುತ್ತಿರಲಿಲ್ಲ, ಅದಕ್ಕೆ ಮೈಯೆಲ್ಲ ಅಲ್ಯೂಮಿನಿಯಂ. ಅಂದ್ರೆ ಜೀಪಿನ ನಂತರ ಬಂದ ಈ ಹೆಸರಾಂತ ಫೋರ್ ಬೈ ಫೋರ್ ಹುಟ್ಟಿದ್ದೇ ರೈತನ ಕೆಲಸಕ್ಕೆ.

ನಮ್ಮ ದೇಶದಲ್ಲೂ ಅದೇ ಹೊತ್ತಿಗೆ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿತು. ಆಮೇಲಿನ ದಶಕಗಳಲ್ಲಿ ನಮ್ಮ ಕಡೆ ಜೀಪು ಅಂದರೆ ಸರ್ಕಾರಿ ಗಾಡಿ, ಇಲ್ಲವೇ ಹಳ್ಳಿಗೆ ಮಂದಿ ತುಂಬಿಕೊಂಡು ಹೋಗುವ ಗಾಡಿ. ಸೇಡಂ, ಚಿಂಚೋಳಿ, ಸುರಪುರ, ಔರಾದ್ ಎಲ್ಲೇ ಹೋಗಲಿ ಹಿಂದೆ ಆಚೀಚೆ ಎದುರುಬದುರು ಬೆಂಚು. ಮಾತಾಡಿದರೆ ನಾಲಿಗೆ ಕಚ್ಚಿಕೊಳ್ಳುವಷ್ಟು ಕುಲುಕಾಟ. ಮಂದಿ ತುಂಬುವ ಆ ಜೀಪುಗಳಲ್ಲಿ ಬಹುಪಾಲು ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ ಹೋಗುತ್ತಿತ್ತು.

ಆ ಕುಲುಕಾಟ ಬರುತ್ತಿದ್ದುದು ಪಾಟಾದಿಂದ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ ಅದು. ಎಷ್ಟು ಭಾರ ಹಾಕಿದರೂ ಹೊರುತ್ತದೆ, ಆದರೆ ಬಾಗುವುದು ಕಮ್ಮಿ. ಬಾಗದಿದ್ದರೆ ಏನಾಗುತ್ತದೆ? ಒಂದು ಗಾಲಿ ದಿಬ್ಬ ಹತ್ತಿದರೆ ಮತ್ತೊಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಎಡ-ಬಲ ಗಾಲಿಗೆ ಶಕ್ತಿ ಹಂಚುವ ಗೇರಿಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಅದು ಸಾದಾ ಇದ್ದರೆ ಎಂಜಿನ್ ಶಕ್ತಿ ಸಲೀಸಾಗಿ ತಿರುಗುವ ಗಾಲಿಗೇ ಹರಿದುಹೋಗುತ್ತದೆ. ಗಾಳಿಯಲ್ಲಿರುವ ಗಾಲಿ ಸುಮ್ನೆ ತಿರುಗುತ್ತಾ ಇರುತ್ತದೆ, ನೆಲದ ಮೇಲಿರುವುದು ಸುಮ್ನೆ ನಿಂತಿರುತ್ತದೆ. ಕೂತವನ ಸೊಂಟ ಮುರಿಯುವ ಪಾಟಾ ಗಾಡಿಯ ಹಿಡಿತವನ್ನೂ ಕಮ್ಮಿ ಮಾಡುತ್ತಿತ್ತು.

ಈ ಸೂಕ್ಷ್ಮ ಹಿಡಿದದ್ದು 1970ರ ರೇಂಜ್ ರೋವರ್. ಅದಕ್ಕೂ ಮುಂಚೆ 1963ರ ಮಾಡೆಲ್ ಆಗಿ ಅಮೆರಿಕದಲ್ಲಿ ಜೀಪ್ ವ್ಯಾಗನೀರ್ ಬಂದಿತ್ತು. ಆಟೋಮ್ಯಾಟಿಕ್ ಗೇರ್ ಇತ್ತು, ಕಾರಿನಂಥ ಒಳಾಂಗಣ ಇತ್ತು. ಐಷಾರಾಮಿ ಫೋರ್ ಬೈ ಫೋರ್ ಅನ್ನುವ ಯೋಚನೆಗೆ ಅದೇ ಮೊದಲು ಎನ್ನಬಹುದು. ಆದರೆ ರೇಂಜ್ ರೋವರಿನ ದಾರಿ ಬೇರೆ, ನನಗೆ ಜಾಸ್ತಿ ಇಷ್ಟವಾಗುವುದೂ ಅದೇ. ಸ್ಪೆನ್ ಕಿಂಗ್ ಅನ್ನುವ ಎಂಜಿನಿಯರನ ತಂಡ ಪಾಟಾ ಬಿಟ್ಟು ಸುರುಳಿ ಸ್ಪ್ರಿಂಗ್ ಹಾಕಿತು. ಮೆತ್ತಗಿನ, ಉದ್ದಕ್ಕೆ ಹಿಗ್ಗುವ, ಕುಗ್ಗುವ ಸ್ಪ್ರಿಂಗ್. ಕೂತವರಿಗೆ ಕುಲುಕಾಟ ತಗ್ಗಿತು. ಅದೇ ಸ್ಪ್ರಿಂಗಿನಿಂದ ಗಾಲಿ ತಗ್ಗಿಗೆ ಇಳಿದು ನೆಲ ಮುಟ್ಟಿತು, ಹಿಡಿತವೂ ಹೆಚ್ಚಿತು. ಒಂದೇ ಬದಲಾವಣೆ, ಎರಡು ಲಾಭ. ಜೊತೆಗೆ ಸದಾ ನಾಲ್ಕೂ ಗಾಲಿಗೆ ಶಕ್ತಿ, ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕ್.

ಮತ್ತೆ ಒಳಗೆ ಏನಿತ್ತು ಗೊತ್ತಾ? ವಿನೈಲ್ ಸೀಟು, ಪ್ಲಾಸ್ಟಿಕ್ ಡ್ಯಾಶ್‌ಬೋರ್ಡ್. ಕೆಸರಾದರೆ ಪೈಪ್ ಹಿಡಿದು ನೀರು ಬಿಟ್ಟು ತೊಳೆಯಬಹುದಿತ್ತು. ಎರಡೇ ಬಾಗಿಲು. ಆ ಗಾಡಿಯನ್ನು ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿ ವಿನ್ಯಾಸದ ಮಾದರಿ ಎಂದು ಪ್ರದರ್ಶನಕ್ಕೆ ಇಟ್ಟಿದ್ದರು. ಚರ್ಮ, ಮರದ ಪಟ್ಟಿ, ದಪ್ಪ ಕಾರ್ಪೆಟ್ ಬಂದದ್ದೆಲ್ಲ ಆಮೇಲೆ. ನಾಲ್ಕು ಬಾಗಿಲು ಬಂದದ್ದು 1981ರಲ್ಲಿ.

ಅಲ್ಲಿಂದ ದಾರಿ ಕವಲೊಡೆಯಿತು. 1979ರಲ್ಲಿ ಮರ್ಸಿಡಿಸ್ ಜಿ-ಕ್ಲಾಸ್ ಬಂದಾಗ ಅದೂ ಕೆಲಸದ ಗಾಡಿಯೇ. 1990ರ ನಂತರ ಮರ, ಚರ್ಮ ಹೊದ್ದುಕೊಂಡು ಶ್ರೀಮಂತರ ಮನೆ ಮುಂದೆ ನಿಂತಿತು. ಆದರೂ ಏಣಿಯಂಥ ಚಾಸಿ (ಅಡಿಯ ಉಕ್ಕಿನ ಚೌಕಟ್ಟು), ಗಾಲಿಗಳನ್ನು ಒಟ್ಟಿಗೇ ತಿರುಗಿಸುವ ಮೂರು ಡಿಫರೆನ್ಷಿಯಲ್ ಲಾಕ್ ಬಿಡಲಿಲ್ಲ. 2018ರಲ್ಲಿ ಮುಂದಿನ ಗಟ್ಟಿ ಆಕ್ಸಲ್ (ಎರಡೂ ಗಾಲಿಯನ್ನು ಜೋಡಿಸುವ ಒಂದೇ ದಂಡ) ತೆಗೆದು ಎರಡು ಗಾಲಿಗೂ ಬೇರೆ ಬೇರೆ ಸಸ್ಪೆನ್ಷನ್ ಕೊಟ್ಟಾಗ ಅಭಿಮಾನಿಗಳಿಗೆ ಕಸಿವಿಸಿ ಆಯಿತು. ಲ್ಯಾಂಡ್ ರೋವರ್ ಡಿಫೆಂಡರ್ 2016ರಲ್ಲಿ ನಿಂತು, ಮತ್ತೆ ಹೊಸ ರೂಪದಲ್ಲಿ ಬಂದಾಗ ಚಾಸಿಯೇ ಹೋಗಿತ್ತು. ಪೂರ್ತಿ ಮೈಯೇ ಒಂದು ಗಟ್ಟಿ ಪೆಟ್ಟಿಗೆ. ಬೈದವರು ಬಹಳ ಮಂದಿ. ಆದರೆ ಆ ಗಾಡಿ 900 ಮಿಲಿಮೀಟರ್ ಆಳದ ನೀರಿನಲ್ಲಿ ಹೋಗುತ್ತದೆ. ಅದರ ಕಂಪನಿ 2008ರಿಂದ ನಮ್ಮ ಟಾಟಾದವರದ್ದು.

ಗಟ್ಟಿ ಆಕ್ಸಲ್ ಯಾಕೆ ಅಷ್ಟು ಮುಖ್ಯ ಎಂದು ಕೇಳಬಹುದು. ತಕ್ಕಡಿ ನೆನಪು ಮಾಡಿಕೊಳ್ಳಿ. ಒಂದು ತಟ್ಟೆ ಮೇಲೆ ಹೋದರೆ ಇನ್ನೊಂದು ಕೆಳಗೆ ಒತ್ತುತ್ತದೆ. ಗಟ್ಟಿ ಆಕ್ಸಲ್ ಹಾಗೆ. ಬೇರೆ ಬೇರೆ ಸಸ್ಪೆನ್ಷನ್ ಇದ್ದರೆ ಆ ಒತ್ತು ಸಿಗುವುದಿಲ್ಲ. ಎತ್ತಿದ ಗಾಲಿಗೆ ಕಂಪ್ಯೂಟರ್ ಬ್ರೇಕ್ ಹಾಕಿ ಶಕ್ತಿಯನ್ನು ಆಚೆ ಗಾಲಿಗೆ ಕಳಿಸಬೇಕು. ಕಲ್ಲುದಾರಿಯಲ್ಲಿ ಗಟ್ಟಿ ಆಕ್ಸಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೆದ್ದಾರಿಯಲ್ಲಿ 100ರ ವೇಗಕ್ಕೆ ಹೋಗುವಾಗ ಗಟ್ಟಿ ಆಕ್ಸಲ್ ಗಾಡಿ ಅಲುಗಾಡುತ್ತದೆ, ಇನ್ನೊಂದು ನೆಟ್ಟಗೆ ಹೋಗುತ್ತದೆ. ಇದು ನಿಜವಾದ ಕೊಡು-ಕೊಳ್ಳು, ಒಪ್ಪಿಕೊಳ್ಳಲೇಬೇಕು.

ನಮ್ಮ ದೇಶದ ಕಥೆ ಸ್ವಲ್ಪ ತಡವಾಗಿ ತಿರುಗಿತು. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಹಗುರ, ಚುರುಕು, ಸೈನ್ಯಕ್ಕೂ ಪೊಲೀಸರಿಗೂ ಅಚ್ಚುಮೆಚ್ಚು. ಆದರೆ ಪಾಟಾವೇ. 1991ರ ಟಾಟಾ ಸಿಯೆರಾದಲ್ಲಿ ಎಸಿ, ಪವರ್ ವಿಂಡೋ ಇದ್ದವು. 1998ರಲ್ಲಿ ಸಫಾರಿ. ಎರಡರಲ್ಲೂ ಫೋರ್ ಬೈ ಫೋರ್ ಸಿಗುತ್ತಿತ್ತು. 2021ರಲ್ಲಿ ಅದೇ ಸಫಾರಿ ಹೆಸರಿನಲ್ಲಿ ಬಂದ ಹೊಸ ಗಾಡಿಗೆ ಮುಂದಿನ ಎರಡು ಗಾಲಿಗೆ ಮಾತ್ರ ಶಕ್ತಿ. ನನಗೆ ಬೇಜಾರಾಗಿದ್ದು ಅದಕ್ಕೆ.

ಇನ್ನೊಂದು ಕಡೆ ಮಹೀಂದ್ರಾ ಥಾರ್. 2010ರ ಥಾರ್ ಹಳೆ ಜೀಪಿನ ಮಗ. 2020ರ ಅಕ್ಟೋಬರ್ 2ಕ್ಕೆ ಬಂದ ಹೊಸ ಥಾರ್‌ಗೆ ಗಟ್ಟಿ ಛಾವಣಿ, ಟಚ್‌ಸ್ಕ್ರೀನ್ ಬಂತು, ಹಿಂದಿನ ಸೀಟು ಮುಂದಕ್ಕೆ ಮುಖ ಮಾಡಿತು. ಆಗ ಎಲ್ಲ ಥಾರ್‌ಗಳೂ ಫೋರ್ ಬೈ ಫೋರ್. 2023ರ ಜನವರಿಯಲ್ಲಿ ಹಿಂದಿನ ಗಾಲಿಗೆ ಮಾತ್ರ ಶಕ್ತಿ ಹೋಗುವ ಥಾರ್ 9.99 ಲಕ್ಷಕ್ಕೆ ಬಂತು. ಇಲ್ಲಿ ತೆರಿಗೆಯ ಲೆಕ್ಕ ಇದೆ. ಉದ್ದ 4 ಮೀಟರ್ ಒಳಗೆ, ಡೀಸೆಲ್ ಎಂಜಿನ್ 1500 ಸಿಸಿ ಒಳಗೆ ಇದ್ದರೆ ಜಿಎಸ್‌ಟಿ ಕಮ್ಮಿ. ಫೋರ್ ಬೈ ಫೋರ್ ಡೀಸೆಲ್ ಥಾರಿನ ಎಂಜಿನ್ ಅದಕ್ಕಿಂತ ದೊಡ್ಡದು. ದೊಡ್ಡ ಎಸ್‌ಯುವಿಗೆ ಆಗ ಸೆಸ್ ಸೇರಿ 50 ಪರ್ಸೆಂಟ್ ಆಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ. ಹೊಲಕ್ಕೆ ನಾಲ್ಕೂ ಗಾಲಿ ಬೇಕಾದ ರೈತ ಜಾಸ್ತಿ ಕೊಡಬೇಕು, ಊರೊಳಗೆ ಓಡಾಡುವವನು ಕಮ್ಮಿ ಕೊಟ್ಟು ಅದೇ ರೂಪದ ಗಾಡಿ ತರಬಹುದು. ಇದು ನನಗೆ ಸರಿ ಕಾಣುವುದಿಲ್ಲ.

2024ರ ಆಗಸ್ಟ್ 15ಕ್ಕೆ ಐದು ಬಾಗಿಲಿನ ಥಾರ್ ರಾಕ್ಸ್ ಬಂತು. ದೊಡ್ಡ ಗಾಜಿನ ಛಾವಣಿ, ಗಾಳಿ ಬರುವ ಸೀಟು. ಫೋರ್ ಬೈ ಫೋರ್ ಮಾಡೆಲಿನ ಕೆಳಗೆ ಲೋ ಗೇರ್ (ನಿಧಾನಕ್ಕೆ ಜಾಸ್ತಿ ಎಳೆತ ಕೊಡುವ ಗೇರ್), ಹಿಂದೆ ಗಟ್ಟಿ ಆಕ್ಸಲ್, ಡಿಫರೆನ್ಷಿಯಲ್ ಲಾಕ್. ಹೊಂದಿಕೆ ಮಾಡಲು ನಿಜವಾಗಿಯೂ ಕಷ್ಟಪಟ್ಟ ಗಾಡಿ ಅದು. ಆದರೆ ಸೀಟು ಬಿಳಿ. ಜನ ಕೊಳೆಯಾಗುತ್ತದೆ ಎಂದು ದೂರಿದ ಮೇಲೆ ಫೋರ್ ಬೈ ಫೋರ್ ಮಾಡೆಲ್‌ಗೆ ಕಂದು ಬಣ್ಣದ ಒಳಾಂಗಣವನ್ನೂ ಕೊಟ್ಟರು. ಬಣ್ಣ ಬದಲಿಸುವುದು ಸುಲಭ. ಸೀಟಿಗೆ ಕವರ್ ಹಾಕಬಹುದು, ಸ್ಪೀಕರ್ ಆಮೇಲೆ ಕೂರಿಸಬಹುದು. ಲೋ ಗೇರ್ ಆಮೇಲೆ ಕೂರಿಸಲಾಗುತ್ತದಾ?

ಈಗ ಟೈರಿಗೆ ಬರೋಣ, ಆ ಹುಡುಗನ ಮಾತಿಗೆ. ಟೈರಿನ ಮೇಲೆ 255/65 ಆರ್18 ಎಂದು ಬರೆದಿದ್ದರೆ ಅಗಲ 255 ಮಿಲಿಮೀಟರ್, ಪಕ್ಕದ ರಬ್ಬರ್ ಗೋಡೆಯ ಎತ್ತರ ಅದರ 65 ಪರ್ಸೆಂಟ್. ಅಂದ್ರೆ ಸುಮಾರು 166. ಕೊನೆಯ 18 ರಿಮ್ಮಿನ ಅಳತೆ, ಇಂಚಿನಲ್ಲಿ. ಅದೇ ಅಗಲಕ್ಕೆ 60 ಎಂದಾದರೆ 153. ಗೆಳೆಯನ ಗಾಡಿಯಲ್ಲಿ 20 ಇಂಚಿನ ಹೊಳೆಯುವ ರಿಮ್, ರಬ್ಬರ್ ಅದಕ್ಕಿಂತ ತೆಳ್ಳಗೆ. ಕೆಸರಿಗೆ ಇಳಿಯುವ ಮುಂಚೆ ಗಾಳಿ 33ರಿಂದ 20ಕ್ಕೆ ಇಳಿಸಿದರೆ ಟೈರ್ ಚಪ್ಪಟೆಯಾಗಿ ನೆಲವನ್ನು ಜಾಸ್ತಿ ಜಾಗದಲ್ಲಿ ಹಿಡಿಯುತ್ತದೆ. ಗೋಡೆ ಎತ್ತರ ಇದ್ದರೆ ಮಾತ್ರ ಇದಾಗುತ್ತದೆ. ತೆಳ್ಳಗಿದ್ದರೆ ಕಲ್ಲು ನೇರ ರಿಮ್ಮಿಗೇ ಬಡಿಯುತ್ತದೆ. 2023ರಲ್ಲಿ ಬಂದ ಮಾರುತಿ ಜಿಮ್ನಿಗೆ 15 ಇಂಚಿನ ರಿಮ್ ಸಾಕಾಗಿದೆ. ತೂಕವೂ 1200 ಕಿಲೋ ಆಸುಪಾಸು. ಕೆಸರಿನಲ್ಲಿ ತೂಕ ಕಮ್ಮಿ ಇದ್ದಷ್ಟೂ ಹೂತುಹೋಗುವುದು ಕಮ್ಮಿ.

ನಮ್ಮ ಮೂರು ಜಿಲ್ಲೆಗಳ ನೆಲವೂ ಒಂದೇ ತರ ಇಲ್ಲ. ಕಲಬುರಗಿಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬೀದರಿನ ಕೆಂಪು ಮುರಕಲ್ಲಿನ ನೆಲ ಬೇಗ ನೀರು ಇಂಗಿಸುತ್ತದೆ, ಮಳೆ ನಿಂತ ಮೇಲೆ ಸಾದಾ ಕಾರೂ ಹೋದೀತು. ಶಹಾಬಾದ್ ಕಡೆ ಫರಸಿ ಕಲ್ಲಿನ ಚೂರು ಬ್ಲೇಡಿನ ಹಾಗೆ ಟೈರ್ ಸೀಳುತ್ತದೆ. ಯಾದಗಿರಿಯ ಸುರಪುರ, ಶಹಾಪುರದ ಕಡೆ ಬಂಡೆಗಳು. ಒಂದು ಗುಂಡಿ ಒತ್ತಿ ಇಷ್ಟನ್ನೂ ಗೆಲ್ಲುವ ಮೋಡ್ ಇಲ್ಲ. ಟೈರ್, ಸ್ಪ್ರಿಂಗ್, ಲೋ ಗೇರ್ ಸರಿ ಇದ್ದರೆ ಮೋಡ್ ಸಹಾಯ ಮಾಡುತ್ತದೆ, ಅಷ್ಟೇ.

ಹಾಗಂತ ಸುಖ ಬೇಡ ಎಂದು ನಾನು ಹೇಳುತ್ತಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 43 ಡಿಗ್ರಿ ಮುಟ್ಟುತ್ತದೆ. ಅಂಥ ಊರಲ್ಲಿ ಎಸಿ ಶೋಕಿ ಅಲ್ಲ, ಅಗತ್ಯ. ಬೆನ್ನಿಗೆ ಗಾಳಿ ಬರುವ ಸೀಟೂ ಅಷ್ಟೇ. ಹೊಲಕ್ಕೆ ಹೋಗುವ ಅರವತ್ತರ ರೈತನ ಸೊಂಟಕ್ಕೂ ಮೆತ್ತಗಿನ ಸ್ಪ್ರಿಂಗ್ ಬೇಕು, ಅಲ್ವಾ?

ಹೋದ ತಿಂಗಳು ನಮ್ಮ ಕಾಕಾನ ಜೊತೆ ಶೋರೂಮಿಗೆ ಹೋಗಿದ್ದೆ. ಸೇಲ್ಸ್ ಹುಡುಗ ಛಾವಣಿಯ ಗಾಜು ತೆರೆದು ತೋರಿಸಿದ, ಹಾಡು ಹಾಕಿದ, ಬಣ್ಣದ ದೀಪ ಹಚ್ಚಿದ. ಕಾಕಾ ತಲೆ ಎತ್ತಲಿಲ್ಲ. ಧೋತರ ಎತ್ತಿ ಕಟ್ಟಿ, ಮಂಡಿಯೂರಿ, ಗಾಡಿಯ ಕೆಳಗೆ ಟಾರ್ಚ್ ಬಿಟ್ಟ. ಆಕ್ಸಲ್ ನೋಡಿದ, ಸ್ಪ್ರಿಂಗ್ ನೋಡಿದ, ಟೈರಿನ ಗೋಡೆಗೆ ನಾಲ್ಕು ಬೆರಳು ಇಟ್ಟು ಅಳತೆ ಮಾಡಿದ. ಆಮೇಲೆ ಎದ್ದು ಕೈ ಒರೆಸಿಕೊಂಡು ಕೇಳಿದ: "ಸಣ್ಣ ರಿಮ್ಮಿನ ಗಾಡಿ ಅದ ಏನ್ರೀ ತಮ್ಮಾ? ಇದೇ ಗಾಡಿ, ಇದೇ ಎಸಿ. ರಿಮ್ ಮಾತ್ರ ಸಣ್ಣದು."