ಕಾರನ್ನು ಎತ್ತುವುದು ಎಣ್ಣೆ, ಹೊರುವುದು ನೆಲ

ಮನೆಯ ಶೆಡ್ಡಿನಲ್ಲಿ ಕಾರು ಎತ್ತುವ ಲಿಫ್ಟ್ ಹಾಕಿಸಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಟನ್ನಿನದು ತೆಗೆದುಕೊಳ್ಳಲಿ? ಮಂಗಳೂರಿನಲ್ಲೂ ಅದೇ, ಮಣಿಪಾಲದಲ್ಲೂ ಅದೇ. ನನ್ನ ಪ್ರಕಾರ ಇಷ್ಟು ಕಡಿಮೆ ತಲೆಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿಲ್ಲ. ಆಲ್ಟೊ ಏಳೆಂಟುನೂರು ಕಿಲೋ ತೂಗುತ್ತದೆ, ಸ್ವಿಫ್ಟ್ ಒಂಬೈನೂರರ ಆಸುಪಾಸು, ಇನ್ನೋವಾ ಕ್ರಿಸ್ಟಾ ಎರಡು ಟನ್ನಿನ ಒಳಗೆ, ಫಾರ್ಚುನರ್ ಎರಡು ಟನ್ ದಾಟುತ್ತದೆ. ಕಾರಿನ ಎರಡೂ ಬದಿಯ ಕಂಬಗಳಿಂದ ತೋಳು ಚಾಚಿ ಎತ್ತುವ, ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಎರಡು ಕಂಬದ ಲಿಫ್ಟಿನ ಸಾಮರ್ಥ್ಯ ನಾಲ್ಕು ಟನ್. ಲೆಕ್ಕ ಅಲ್ಲಿಗೇ ಮುಗಿಯಿತು. ಆದರೆ ಜನ ಅಲ್ಲಿಗೇ ನಿಲ್ಲುತ್ತಾರೆ ಎಂಬುದೇ ನನ್ನ ಆತಂಕ. ಎತ್ತಿದ ಕಾರಿನ ಭಾರ ಯಾವ ದಾರಿಯಲ್ಲಿ ಭೂಮಿಗೆ ಇಳಿಯುತ್ತದೆ? ಎಣ್ಣೆ ಕೈಕೊಟ್ಟ ಕ್ಷಣದಲ್ಲಿ ಅದನ್ನು ಹಿಡಿಯುವುದು ಯಾವುದು? ಈ ಎರಡಕ್ಕೆ ಉತ್ತರ ಸಿಗದೆ ಯಾರೂ ಕಾರಿನ ಅಡಿಗೆ ಹೋಗಬಾರದು.

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ, ಅದನ್ನು ಬಿಡೋಣ. 150 ಬಾರ್ ಒತ್ತಡದ ಎಣ್ಣೆ ಆರು ಸೆಂಟಿಮೀಟರ್ ವ್ಯಾಸದ ಪಿಸ್ಟನ್ನನ್ನು ತಳ್ಳಿದರೆ ನಾಲ್ಕು ಟನ್ನಿಗೂ ಮಿಕ್ಕಿದ ಬಲ ಹುಟ್ಟುತ್ತದೆ. ನನಗೆ ಸೋಜಿಗ ಎನಿಸುವುದು ಆ ಎಣ್ಣೆಯನ್ನು ಸೋರದಂತೆ ತಡೆಯುವ ಸೀಲ್. ಪಾಸ್ಕಲ್ ಬದುಕಿದ್ದದ್ದು ಹದಿನೇಳನೆಯ ಶತಮಾನದಲ್ಲಿ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ನಿಯಮ ಗೊತ್ತಿದ್ದರೂ ಪಿಸ್ಟನ್ನಿನ ಸುತ್ತ ಸೋರಿಕೆ ನಿಲ್ಲದಿದ್ದರೆ ಪ್ರೆಸ್ಸು ಕೆಲಸಕ್ಕೆ ಬಾರದು. ಅದನ್ನು ಪರಿಹರಿಸಿದ್ದು ಬಟ್ಟಲಿನ ಆಕಾರದ ಒಂದು ಚರ್ಮದ ಬಳೆ. ಅದನ್ನು ರೂಪಿಸಿದ ಶ್ರೇಯಸ್ಸು ಬ್ರಾಮಾನ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್‌ಸ್ಲೇಗೆ ಸಲ್ಲುತ್ತದೆ. ಹೊರಗೆ ನುಗ್ಗಲು ಹವಣಿಸುವ ದ್ರವವೇ ಆ ಬಳೆಯ ತುಟಿಯನ್ನು ಲೋಹಕ್ಕೆ ಒತ್ತುತ್ತದೆ. ಒತ್ತಡ ಏರಿದಷ್ಟೂ ಬಿಗಿತವೂ ಏರುತ್ತದೆ. ಇಂದಿನ ಲಿಫ್ಟಿನ ರಬ್ಬರ್ ಸೀಲ್ ಕೆಲಸ ಮಾಡುವುದೂ ಇದೇ ತತ್ತ್ವದಲ್ಲಿ. ಇಷ್ಟು ಸೊಗಸಾದ ಉಪಾಯವೂ ಸವೆಯುತ್ತದೆ, ಗಟ್ಟಿಯಾಗುತ್ತದೆ, ಒಂದು ದಿನ ಸೀಳುತ್ತದೆ.

ಇದನ್ನು ಮೊದಲೇ ಮನಗಂಡ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್. ವೇಲ್ಸ್‌ನ ಮೆನಾಯ್ ಜಲಸಂಧಿಗೆ ಅಡ್ಡಲಾಗಿ ಬ್ರಿಟಾನಿಯಾ ಸೇತುವೆ ಕಟ್ಟುವಾಗ ಸುಮಾರು ಒಂದೂವರೆ ಸಾವಿರ ಟನ್ ತೂಗುವ ಕಬ್ಬಿಣದ ಕೊಳವೆಗಳನ್ನು ಹೈಡ್ರಾಲಿಕ್ ಪ್ರೆಸ್ಸುಗಳಿಂದ ಮೇಲಕ್ಕೆ ಎತ್ತಬೇಕಿತ್ತು. ಬೇಗ ಮುಗಿಸುವ ಆಸೆಯಿದ್ದರೆ ಒಂದೇ ಬಾರಿಗೆ ಎತ್ತಿ, ಆಮೇಲೆ ಕೆಳಗೆ ಕಲ್ಲು ಕಟ್ಟಬಹುದಿತ್ತು. ಸ್ಟೀಫನ್‌ಸನ್ ಒಪ್ಪಲಿಲ್ಲ. ಕೊಳವೆ ಅಂಗುಲ ಅಂಗುಲವಾಗಿ ಏರಿದಂತೆ ಅದರ ಅಡಿಯಲ್ಲಿ ಅಂಗುಲ ಅಂಗುಲವಾಗಿ ಆಧಾರವನ್ನೂ ತುಂಬುತ್ತಾ ಬರಬೇಕೆಂದು ಪಟ್ಟು ಹಿಡಿದ. 1849ರ ಆಗಸ್ಟಿನಲ್ಲಿ ಒಂದು ಪ್ರೆಸ್ಸಿನ ತಳ ಒಡೆದುಹೋಯಿತು. ಕೊಳವೆ ಬಿದ್ದದ್ದು ಕೆಲವೇ ಅಂಗುಲ. ಆ ಆಧಾರ ಇಲ್ಲದಿದ್ದರೆ ಅದು ಸಮುದ್ರದ ತಳ ಸೇರುತ್ತಿತ್ತು.

ಕಾರಿನ ಲಿಫ್ಟಿನಲ್ಲಿರುವ ಲಾಕ್ ಎಂದರೆ ಸ್ಟೀಫನ್‌ಸನ್ನನ ಆ ಆಧಾರವೇ. ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿ ಕ್ಷೌರಿಕನ ಕುರ್ಚಿ ಏರಿಳಿಯುವುದನ್ನು ನೋಡಿ 1925ರಲ್ಲಿ ಕಾರಿನ ಹೈಡ್ರಾಲಿಕ್ ಲಿಫ್ಟನ್ನು ಬಳಕೆಗೆ ತಂದ. ಅಲ್ಲಿಂದ ಇಲ್ಲಿಯವರೆಗೆ ಎತ್ತುವ ವಿಧಾನ ಮೂಲದಲ್ಲಿ ಹೆಚ್ಚು ಬದಲಾಗಿಲ್ಲ. ಎರಡು ಕಂಬದ ಲಿಫ್ಟ್ ಏರುವಾಗ ಕಂಬದೊಳಗಿನಿಂದ ಟಕ್, ಟಕ್ ಎಂದು ಕೇಳಿಸುವುದು ಉಕ್ಕಿನ ನಾಲಗೆ ಒಂದೊಂದೇ ಮೆಟ್ಟಿಲನ್ನು ದಾಟುವ ಸದ್ದು. ಬೇಕಾದ ಎತ್ತರ ಬಂದ ಮೇಲೆ ಸ್ವಿಚ್ಚಿನಿಂದ ಕೈ ತೆಗೆದು ನೇರವಾಗಿ ಕೆಲಸಕ್ಕೆ ಇಳಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಆಗ ಕಾರು ನಿಂತಿರುವುದು ಎಣ್ಣೆಯ ಮೇಲೆ, ಲಾಕಿನ ಮೇಲಲ್ಲ. ಇಳಿಸುವ ಹಿಡಿಕೆಯನ್ನು ಒತ್ತಿ ಲಿಫ್ಟನ್ನು ಒಂದಿಷ್ಟು ಕೆಳಗೆ ಬಿಟ್ಟು, ಎರಡೂ ಕಂಬಗಳಲ್ಲಿ ನಾಲಗೆ ಒಂದೇ ಮಟ್ಟದ ಮೆಟ್ಟಿಲಿನ ಮೇಲೆ ಕುಳಿತಿದೆಯೇ ಎಂದು ಕಣ್ಣಾರೆ ನೋಡಬೇಕು. ಹಾಗೆ ಕುಳಿತ ಮೇಲೆ ಹೈಡ್ರಾಲಿಕ್ ಪೈಪ್ ಒಡೆದರೂ ಕಾರು ಅಲುಗುವುದಿಲ್ಲ. ಲಿಫ್ಟ್ ಕೊಳ್ಳುವಾಗ ಮಾರುವವನ ಬಳಿ ಮೊದಲು ನೋಡಬೇಕಾದದ್ದೂ ಇದನ್ನೇ: ಲಾಕ್ ಕುಳಿತಿರುವುದು ಹೊರಗಿನಿಂದ ಕಾಣಿಸುತ್ತದೆಯೇ, ಬಿಡಿಸುವ ಹಿಡಿಕೆ ಎರಡೂ ಕಡೆಯದನ್ನು ಒಟ್ಟಿಗೆ ಬಿಡಿಸುತ್ತದೆಯೇ?

ಇನ್ನು ನೆಲದ ವಿಷಯ. ತುಂಬಿದ ಕೊಡಪಾನವನ್ನು ಸೊಂಟಕ್ಕೆ ಒತ್ತಿಕೊಂಡು ಮೈಲಿ ನಡೆಯಬಹುದು. ಅದನ್ನೇ ಕೈಚಾಚಿ ಹಿಡಿದರೆ ಕ್ಷಣ ಮಾತ್ರದಲ್ಲಿ ಮೈ ಮುಂದಕ್ಕೆ ವಾಲುತ್ತದೆ, ಹಿಮ್ಮಡಿ ನೆಲದಿಂದ ಏಳುತ್ತದೆ. ಎರಡು ಕಂಬದ ಲಿಫ್ಟ್ ಸದಾ ಕೈಚಾಚಿಯೇ ನಿಂತಿರುತ್ತದೆ. ಒಂದೂವರೆ ಟನ್ನಿನ ಕಾರು ಎಂದರೆ ಪ್ರತಿ ಕಂಬಕ್ಕೆ 750 ಕಿಲೋ. ಆ ಭಾರ ಕಂಬದ ನಡುವಿನಿಂದ 80 ಸೆಂಟಿಮೀಟರ್ ಒಳಗೆ ತೂಗುತ್ತಿದೆ ಎಂದುಕೊಳ್ಳಿ. ಬೋಲ್ಟುಗಳಿಂದ ನೆಲಕ್ಕೆ ಬಿಗಿದ ಕಂಬದ ಬುಡದ ತಟ್ಟೆ ನಡುವಿನಿಂದ ಎರಡೂ ಕಡೆ 20 ಸೆಂಟಿಮೀಟರ್ ಚಾಚಿದೆ. ಕಂಬ ಒಳಗೆ ವಾಲಲು ನೋಡುವಾಗ ತಟ್ಟೆಯ ಒಳ ಅಂಚೇ ಸನ್ನೆಯ ಆಧಾರಬಿಂದು. ಅಲ್ಲಿಂದ ಭಾರಕ್ಕೆ 60 ಸೆಂಟಿಮೀಟರ್, ಹೊರಗಿನ ಬೋಲ್ಟುಗಳಿಗೆ 40. 750ನ್ನು 60ರಿಂದ ಗುಣಿಸಿ 40ರಿಂದ ಭಾಗಿಸಿದರೆ 1,125. ಕಂಬದ ಸ್ವಂತ ತೂಕವನ್ನು ಸ್ವಲ್ಪ ಕಳೆದರೂ, ಹೊರಬದಿಯ ಬೋಲ್ಟುಗಳನ್ನು ಹತ್ತಿರ ಹತ್ತಿರ ಒಂದು ಟನ್ ಬಲ ಮೇಲಕ್ಕೆ ಕೀಳುತ್ತಿರುತ್ತದೆ. ಒಳ ಅಂಚಿನ ಅಡಿಯಲ್ಲಿ ಸುಮಾರು ಎರಡು ಟನ್ ಬಲ ನೆಲವನ್ನು ಒತ್ತುತ್ತಿರುತ್ತದೆ. ಮುಕ್ಕಾಲು ಟನ್ ಹೊತ್ತ ಕಂಬ ಒಂದು ಟನ್ನಿನಷ್ಟು ಕೀಳುತ್ತದೆ ಎಂಬುದನ್ನು ನಂಬಲು ಕಷ್ಟ ಎನಿಸಿದರೆ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿ.

ಕಾಂಕ್ರೀಟು ಒತ್ತಿದರೆ ಗಟ್ಟಿ, ಎಳೆದರೆ ದುರ್ಬಲ. ಎಳೆತವನ್ನು ತಾಳುವ ಅದರ ಶಕ್ತಿ ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು. ಕಂಬವನ್ನು ನೆಲಕ್ಕೆ ಹಿಡಿದಿಡುವ ಈ ಆಂಕರ್ ಬೋಲ್ಟನ್ನು ಮಿತಿಮೀರಿ ಎಳೆದರೆ ಅದು ಒಂಟಿಯಾಗಿ ಬರುವುದಿಲ್ಲ, ತನ್ನ ಸುತ್ತ ಶಂಕುವಿನ ಆಕಾರದ ಕಾಂಕ್ರೀಟಿನ ತುಂಡನ್ನೇ ಕಿತ್ತುಕೊಂಡು ಬರುತ್ತದೆ. ನೆಲದ ಅಂಚಿಗೆ, ಬಿರುಕಿಗೆ ಹತ್ತಿರ ಬೋಲ್ಟ್ ಹಾಕಬಾರದು ಎನ್ನುವುದು ಇದಕ್ಕೇ. ಆ ಶಂಕು ಅಲ್ಲಿ ಅರ್ಧವೇ ಇರುತ್ತದೆ.

ನಮ್ಮೂರಿನ ಮನೆಗಳ ನೆಲ ಹೇಗಿರುತ್ತದೆ ನೋಡಿ. ಕೆಂಪು ಮಣ್ಣು ತುಂಬಿಸಿ ಗುದ್ದಿ, ಮೇಲೆ ಮೂರು ನಾಲ್ಕು ಅಂಗುಲ ಬೆಡ್ ಕಾಂಕ್ರೀಟು, ಅದರ ಮೇಲೆ ಟೈಲ್ಸ್. ಅಂಗಳದಲ್ಲಾದರೆ ಜಲ್ಲಿಪುಡಿಯ ಮೇಲೆ ಇಂಟರ್‌ಲಾಕ್. ನಡೆದಾಡಲು, ಕಾರು ನಿಲ್ಲಿಸಲು ಇಷ್ಟು ಧಾರಾಳ ಸಾಕು. ಲಿಫ್ಟಿನ ಬೋಲ್ಟಿಗೆ ಸಾಲದು. ಇಂಟರ್‌ಲಾಕ್ ಮೇಲಂತೂ ಆ ಮಾತೇ ಬೇಡ. ಇರುವ ನೆಲ ಎಷ್ಟು ದಪ್ಪ ಎಂದು ತಿಳಿಯಲು ಮೇಸ್ತ್ರಿಯ ಮಾತನ್ನು ನೆಚ್ಚಬೇಕಿಲ್ಲ. ಮೂಲೆಯಲ್ಲಿ ಒಂದು ಸಣ್ಣ ರಂಧ್ರ ಕೊರೆಸಿ, ಡ್ರಿಲ್ಲಿನ ಬಾಯಿಂದ ಬರುವ ಪುಡಿಯನ್ನೇ ನೋಡುತ್ತಿರಿ. ಕಾಂಕ್ರೀಟು ಇರುವವರೆಗೆ ಅದು ಬೂದು ಬಣ್ಣ, ಯಂತ್ರ ಕೈಯಲ್ಲಿ ನಡುಗುತ್ತದೆ. ಒಮ್ಮೆಲೇ ಬಿಟ್ಟು ನುಸುಳಿ ಪುಡಿ ಕೆಂಪಾಯಿತೆಂದರೆ ನೀವು ತುಂಬಿಸಿದ ಮಣ್ಣಿಗೋ ಮುರಕಲ್ಲಿಗೋ ಮುಟ್ಟಿದ್ದೀರಿ. ಡ್ರಿಲ್ಲಿನ ಕಡ್ಡಿಗೆ ಗುರುತು ಹಾಕಿ ಅಳೆಯಿರಿ. ನಾಲ್ಕು ಅಂಗುಲದ ಒಳಗೇ ಕೆಂಪು ಕಂಡಿತೋ, ಆ ನೆಲದ ಮೇಲೆ ಎರಡು ಕಂಬ ನಿಲ್ಲಿಸುವ ಯೋಚನೆ ಬಿಡಿ. ಮುರಕಲ್ಲು ಗೋಡೆ ಕಟ್ಟಲು ಎಷ್ಟೇ ಒಳ್ಳೆಯದಾದರೂ ರಂಧ್ರಗಳಿಂದ ತುಂಬಿದ ಕಲ್ಲು. ಆಂಕರ್ ಬೋಲ್ಟ್ ಅದರಲ್ಲಿ ಕಚ್ಚಿ ನಿಲ್ಲುವುದಿಲ್ಲ.

ದಾರಿಯಿದೆ, ದುಬಾರಿಯೂ ಅಲ್ಲ. ಕಂಬ ಬರುವ ಕಡೆ ಮಾತ್ರ ನೆಲ ಒಡೆದು, 1.2 ಮೀಟರ್ ಚೌಕದ ಒಂದಡಿ ಆಳದ ಗುಂಡಿಯಲ್ಲಿ ಕಂಬಿ ಕಟ್ಟಿ ಎಂ-25 ಕಾಂಕ್ರೀಟು ತುಂಬಿಸುವುದು. ಆ ದಿಮ್ಮಿಯೊಂದೇ ಒಂದು ಟನ್ ತೂಗುತ್ತದೆ. ಮೇಲೆ ಹೇಳಿದ ಕಾರು ಕಂಬವನ್ನು ಒಳಗೆ ಉರುಳಿಸಲು ನೋಡಿದರೆ, ದಿಮ್ಮಿಯ ತೂಕ ಅದಕ್ಕೆ ನಾಲ್ಕು ಪಟ್ಟು ಎದುರು ನಿಲ್ಲುತ್ತದೆ. ಅಳತೆಯಲ್ಲಿ ಲಿಫ್ಟಿನ ಕೈಪಿಡಿ ಹೇಳಿದ್ದೇ ಅಂತಿಮ. ಇದು ಅಂದಾಜು ಸಿಗಲೆಂದು ಕೊಟ್ಟ ಲೆಕ್ಕ. ಎಂ-25 ಎಂದರೆ 28 ದಿನ ಕಳೆದ ಮೇಲೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ತಾಳುವ ಕಾಂಕ್ರೀಟು. ವಾರದಲ್ಲಿ ಅದರ ಮೂರನೇ ಎರಡು ಪಾಲು ಶಕ್ತಿ ಬಂದಿರುತ್ತದೆ, ನೋಡಲು ಮಾತ್ರ ಪೂರ್ತಿ ಗಟ್ಟಿ. ಲಿಫ್ಟ್ ಬಂದು ಅಂಗಳದಲ್ಲಿ ಬಿದ್ದಿದ್ದರೂ ಕಾಯಲೇಬೇಕು.

ನೆಲದ ನಂತರ ಮಾಡು, ಅಂದರೆ ಛಾವಣಿ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯನ್ನು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದಂದಿನಿಂದ ಇಳಿಜಾರು ಮಾಡು ಈ ಊರಿನ ಗುರುತೇ ಆಗಿದೆ. ಹಂಚು ಹೋಗಿ ತಗಡು ಬಂದರೂ ಇಳಿಜಾರು ಉಳಿದಿದೆ, ಇಲ್ಲಿನ ಮಳೆಗೆ ಅದೇ ಸರಿ. ಲಿಫ್ಟಿನ ದೃಷ್ಟಿಯಿಂದ ಇದರಲ್ಲಿ ಒಂದು ತೊಡಕಿದೆ. ಶೆಡ್ಡಿನ ಎತ್ತರ ಎಷ್ಟೆಂದರೆ ಎಲ್ಲರೂ ನಡುವಿನ ಎತ್ತರ ಹೇಳುತ್ತಾರೆ. ಕಾರು ಮಾಡಿನ ನೆತ್ತಿಗೆ ಉದ್ದಕ್ಕೆ ನಿಂತರೆ ಲಿಫ್ಟಿನ ಕಂಬಗಳು ಬರುವುದು ಎರಡೂ ಬದಿಯಲ್ಲಿ, ಮಾಡು ತಗ್ಗಿರುವ ಜಾಗದಲ್ಲಿ. ಮೇಲೆ ಅಡ್ಡತೊಲೆ ಇರುವ ಲಿಫ್ಟಿಗೆ ಮೂರೂವರೆ ಮೀಟರಿಗೂ ಹೆಚ್ಚು ಎತ್ತರ ಬೇಕು. ಹಾಗಾಗಿ ಅಳೆಯಬೇಕಾದದ್ದು ಕಂಬದ ಜಾಗದಲ್ಲಿ. ಹತ್ತಡಿಯ ತಾರಸಿಯ ಕೆಳಗಾದರೆ ಲೆಕ್ಕ ಇನ್ನೂ ಬಿಗಿ: ಸ್ವಿಫ್ಟ್ ಒಂದೂವರೆ ಮೀಟರ್ ಎತ್ತರ, ಉಳಿಯುವುದೂ ಒಂದೂವರೆ ಮೀಟರ್. ನಿಂತು ಕೆಲಸ ಮಾಡುವ ಆಸೆ ಬಿಟ್ಟು ಸ್ಟೂಲಿನ ಮೇಲೆ ಕುಳಿತು ಮಾಡಬೇಕು.

ಅಂಥ ಜಾಗಕ್ಕೆ, ಕಾರಿನ ಅಡಿಯಲ್ಲಿ ಕತ್ತರಿಯಂತೆ ಬಿಚ್ಚಿಕೊಂಡು ಏರುವ ಕತ್ತರಿ ಲಿಫ್ಟ್ ಹೊಂದುತ್ತದೆ. ಟೈರು, ಬ್ರೇಕಿನ ಕೆಲಸಕ್ಕೆ ಬಹಳ ಒಳ್ಳೆಯದು. ಗೇರ್‌ಬಾಕ್ಸ್ ಇಳಿಸಲು ಹೋದರೆ ಅದರ ಮೈಯೇ ಅಡ್ಡ. ಬುಡವನ್ನು ಅಡ್ಡಲಾಗಿ ಎಳೆದು ಎತ್ತುವ ಸರಳ ಕತ್ತರಿಯಲ್ಲಿ ತೋಳು ನೆಲದಿಂದ ಹತ್ತು ಡಿಗ್ರಿ ಎದ್ದಿರುವಾಗ ಕಾರಿನ ತೂಕದ ಐದೂವರೆ ಪಟ್ಟಿಗೂ ಹೆಚ್ಚು ಬಲ ಬೇಕು, ನಲವತ್ತೈದು ಡಿಗ್ರಿಯಲ್ಲಿ ತೂಕದಷ್ಟೇ ಸಾಕು. ಕತ್ತರಿಯ ಪಿನ್ನುಗಳು ಹೆಚ್ಚು ದಣಿಯುವುದು ಕಾರು ಮೇಲಿರುವಾಗಲ್ಲ, ನೆಲ ಬಿಡುವಾಗ. ನಾಲ್ಕು ಕಂಬದ್ದು ಭಾರವನ್ನು ನಾಲ್ಕು ಮೂಲೆಗೆ ನೇರವಾಗಿ ಇಳಿಸುತ್ತದೆ, ನೆಲವನ್ನು ಕೀಳುವುದಿಲ್ಲ. ಒಂದರ ಕೆಳಗೊಂದು ಎರಡು ಕಾರು ನಿಲ್ಲಿಸುವ ಇಕ್ಕಟ್ಟಿನ ಮನೆಗೆ ಅದೇ ಸರಿ. ಆದರೆ ಕಾರು ಚಕ್ರದ ಮೇಲೇ ನಿಂತಿರುವುದರಿಂದ ಬ್ರೇಕಿನ ಕೆಲಸಕ್ಕೆ ನಡುವೆ ಇನ್ನೊಂದು ಜಾಕ್ ಬೇಕು. ನಿಜವಾಗಿ ರಿಪೇರಿ ಮಾಡುವವರಿಗೆ ಎರಡು ಕಂಬದ್ದೇ ಮೇಲು ಎಂದು ನಾನು ಹೇಳುತ್ತೇನೆ, ನೆಲ ಸರಿಯಿದ್ದರೆ. ಒಂದು ಎಚ್ಚರ: ಮುಂದಿನ ಚಕ್ರದಿಂದ ಓಡುವ ಸಣ್ಣ ಕಾರುಗಳ ಭಾರದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಮುಂಭಾಗದಲ್ಲಿರುತ್ತದೆ. ಎತ್ತಿದ ಮೇಲೆ ಎಂಜಿನ್ನನ್ನೇ ಇಳಿಸಿದರೆ ಭಾರಕೇಂದ್ರ ಹಿಂದಕ್ಕೆ ಸರಿದು ಕಾರಿನ ಮೂತಿ ಮೇಲೇಳುತ್ತದೆ. ಹಿಂಬದಿಗೆ ಎತ್ತರದ ಸ್ಟ್ಯಾಂಡ್ ಕೊಡದೆ ಎಂಜಿನ್ ಬೋಲ್ಟಿಗೆ ಕೈಹಾಕಬಾರದು.

ಲಿಫ್ಟ್ ಯಾಕೆ, ಕಾರಿನ ಅಡಿಗೆ ಇಳಿದು ಕೆಲಸ ಮಾಡಲು ಹೊಂಡ ತೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಂಥ ಮನೆಗಳಲ್ಲಿ ಚರ್ಚೆ ಕೂಡಲೇ ವಾಸ್ತುವಿನ ಕಡೆ ಹೊರಳುತ್ತದೆ: ನೈಋತ್ಯದಲ್ಲಿ ಹೊಂಡ ಬೇಡ, ಈಶಾನ್ಯಕ್ಕೆ ಹಾಕಿ. ದಿಕ್ಕು ಬದಲಾದ ಕೂಡಲೇ ಮನೆಮಂದಿಗೆ ಸಮಾಧಾನವಾಗಿಬಿಡುತ್ತದೆ ಎನ್ನುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಎಲ್‌ಪಿಜಿಯೂ ಗಾಳಿಗಿಂತ ಭಾರ. ಎರಡೂ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತವೆ, ಹೊಂಡ ಯಾವ ದಿಕ್ಕಿನಲ್ಲಿದ್ದರೂ. ಕೈಯಿಂದ ಜಾರಿದ ಸ್ಪ್ಯಾನರಿನ ಕಿಡಿ, ಒಡೆದ ಬಲ್ಬು ಸಾಕು ಬೆಂಕಿ ಹಿಡಿಯಲು. ಜೊತೆಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಆಟಿ ತಿಂಗಳಲ್ಲಿ ಮುರಕಲ್ಲಿನ ಒರತೆ ಹೊಂಡದೊಳಗೇ ಏಳುತ್ತದೆ. ಬೇಡ ಎನ್ನಲು ಇಷ್ಟು ಗಟ್ಟಿ ಕಾರಣಗಳಿರುವಾಗ ದಿಕ್ಸೂಚಿಯನ್ನು ಕೇಳುತ್ತಾ ಕೂರುವುದು ಜೀವಕ್ಕೆ ಅಪಾಯ.

ವಿದ್ಯುತ್ತಿನ ವಿಷಯ ಚಿಕ್ಕದು. ಮನೆಯ ಸಿಂಗಲ್ ಫೇಸಿಗೆ ಹೊಂದುವ 2.2 ಕಿಲೋವಾಟ್ ಮೋಟರ್ ಸಿಗುತ್ತದೆ. ಅದಕ್ಕೆ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ ಹಾಕಿಸಿ, ಮೆಸ್ಕಾಂನಿಂದ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿಕೊಳ್ಳಿ.

ಉಪ್ಪುಗಾಳಿಯದು ದೊಡ್ಡದು. ಪಣಂಬೂರು, ಮಲ್ಪೆಯ ಹತ್ತಿರದವರಿಗೆ ಹೇಳಬೇಕಾಗಿಯೇ ಇಲ್ಲ, ಗೇಟಿನ ಚಿಲಕ ನೋಡಿದರೆ ಗೊತ್ತಾಗುತ್ತದೆ. ಎರಡು ಕಂಬಗಳನ್ನು ಸಮವಾಗಿ ಏರಿಸುವ ಉಕ್ಕಿನ ಹಗ್ಗ ತುಕ್ಕು ಹಿಡಿಯಲು ತೊಡಗುವುದು ಒಳಗಿನ ಎಳೆಗಳಿಂದಲೂ ಆಗಬಹುದು, ಮೇಲೆ ಏನೂ ಕಾಣದು. ಆಂಕರ್ ಬೋಲ್ಟಿಗೆ ತೆಳು ಸತುವಿನ ಲೇಪದ ಬದಲು ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದನ್ನೇ ಕೇಳಿ. ಮಳೆ ಮುಗಿದು ಆಯುಧಪೂಜೆಗೆಂದು ಯಂತ್ರಗಳನ್ನು ಒರೆಸಿ ತೊಳೆಯುವ ದಿನವೇ ಲಿಫ್ಟಿನ ವಾರ್ಷಿಕ ತಪಾಸಣೆಗೂ ಒಳ್ಳೆಯ ದಿನ. ಕಾರು ಇಲ್ಲದಾಗ ಲಿಫ್ಟನ್ನು ಏರಿಸಿ ಲಾಕಿನ ಮೇಲೆ ಕೂರಿಸಿ, ಬೋಲ್ಟುಗಳನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಲ್ಲಿ ಪರೀಕ್ಷಿಸಿ. ಟ್ಯಾಂಕಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಬದಲಿಸಿ. ಆಮೇಲೆ ಒಂದು ಹತ್ತಿಬಟ್ಟೆಯನ್ನು ಹಗ್ಗದ ಸುತ್ತ ಹಿಡಿದು ಉದ್ದಕ್ಕೂ ಎಳೆಯಿರಿ, ಬರಿಗೈ ಬೇಡ. ಬಟ್ಟೆಯ ನೂಲು ಸಿಕ್ಕಿಕೊಂಡ ಕಡೆ ತಂತಿ ಮುರಿದಿದೆ, ಎರಡೂ ಹಗ್ಗಗಳನ್ನು ಒಟ್ಟಿಗೇ ಬದಲಿಸಬೇಕು.