ನೆರಳು ತೆಳುವಾದ ತೋಟದಲ್ಲಿ ಬಂದಳಿಕೆ

ಕೊಡಗಿನ ಕಾಫಿ ತೋಟದಲ್ಲಿ ಬಂದಳಿಕೆ ಎಷ್ಟು ಹಬ್ಬಿದೆ ಎಂದು ನೋಡಬೇಕಾದರೆ ಬೇಸಿಗೆಯೇ ಸರಿಯಾದ ಕಾಲ. ಕಾಫಿಗೆ ನೆರಳು ಕೊಡುವ ಹಾಲುವಾಣ ಮರ ಎಲೆ ಉದುರಿಸಿ ಬೋಳಾಗಿ ನಿಂತಾಗ ಕೊಂಬೆಗಳ ಮೇಲೆ ಅಲ್ಲಲ್ಲಿ ಹಸಿರು ಪೊದೆಗಳು ಮಾತ್ರ ಉಳಿದಿರುತ್ತವೆ. ಹೊಸಬರಿಗೆ ಮರ ಚಿಗುರಿದಂತೆ ಕಾಣುತ್ತದೆ. ಚಿಗುರಿರುವುದು ಮರವಲ್ಲ, ಮರವನ್ನು ಹೀರುತ್ತಿರುವ ಬಂದಳಿಕೆ ಗಿಡ.

ಇದನ್ನು ಈಚೆಗೆ ಬಂದ ಪೀಡೆ ಎನ್ನುವವರಿದ್ದಾರೆ. ಹಾಗಲ್ಲ, ಇದು ಈ ನೆಲದ್ದೇ ಗಿಡ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಡೆಂಡ್ರಾಫ್ಥೆ ಫಾಲ್ಕೇಟಾ ಎಂಬ ಬಂದಳಿಕೆ ಜಾತಿಯನ್ನು ಸಸ್ಯವಿಜ್ಞಾನಿ ಕಿರಿಯ ಲಿನೇಯಸ್ 1782ರಲ್ಲೇ ಲೊರಾಂಥಸ್ ಎಂಬ ಕುಲದಲ್ಲಿ ದಾಖಲಿಸಿದ್ದ. ಮಾವು, ಹಲಸು, ಸಪೋಟ, ತೇಗ ಎಂದು ಮುನ್ನೂರಕ್ಕೂ ಹೆಚ್ಚು ಜಾತಿಯ ಮರಗಳ ಮೇಲೆ ಅದು ಬೆಳೆಯುತ್ತದೆ. ಗಿಡ ಹಳೆಯದು, ಬದಲಾಗಿರುವುದು ತೋಟ.

ಅದು ಮರದಿಂದ ಮರಕ್ಕೆ ದಾಟುವ ರೀತಿ ಸೊಗಸಾಗಿದೆ. ಹೆಬ್ಬೆರಳಿನಷ್ಟು ದಪ್ಪವಿರುವ ಬದನಿಕೆ ಹಕ್ಕಿ ಹಣ್ಣನ್ನು ನುಂಗುತ್ತದೆ, ಕೆಲವೇ ನಿಮಿಷಗಳಲ್ಲಿ ಬೀಜ ಹೊರಬರುತ್ತದೆ. ಬೀಜದ ಸುತ್ತ ಎಂಥ ಅಂಟೆಂದರೆ ಅದು ತಾನಾಗಿ ಬೀಳುವುದಿಲ್ಲ. ಹಕ್ಕಿ ಹಿಂಭಾಗವನ್ನು ಕೊಂಬೆಗೆ ಉಜ್ಜಿಯೇ ಬಿಡಿಸಿಕೊಳ್ಳಬೇಕು. ಬಿತ್ತನೆ ಅಷ್ಟಕ್ಕೇ ಮುಗಿಯಿತು. ಮೊಳಕೆ ತೊಗಟೆಯನ್ನು ತೂರಿ ಮರದ ನೀರಿನ ನಾಳಗಳಿಗೆ ಬಾಯಿ ಹಾಕುತ್ತದೆ, ಆ ಜಾಗದಲ್ಲಿ ಗಂಟು ಊದಿಕೊಳ್ಳುತ್ತದೆ. ಎಲೆ ಹಸಿರಾಗಿರುವುದರಿಂದ ಸಕ್ಕರೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕದಿಯುವುದು ಮುಖ್ಯವಾಗಿ ನೀರು ಮತ್ತು ಖನಿಜಗಳನ್ನು. ಮರ ಬರಗಾಲದಲ್ಲಿ ನೀರು ಉಳಿಸಲು ಹೆಣಗುವಾಗಲೂ ಇದು ಧಾರಾಳವಾಗಿ ಆವಿ ಬಿಡುತ್ತಿರುತ್ತದೆ. ಗಂಟಿನಿಂದಾಚೆಗಿನ ಕೊಂಬೆ ಮೊದಲು ಸೊರಗುತ್ತದೆ, ಆಮೇಲೆ ಒಣಗುತ್ತದೆ. ಈ ಹಕ್ಕಿ ಮತ್ತು ಗಿಡದ ನಂಟನ್ನು ಪರಿಸರ ವಿಜ್ಞಾನಿ ಪ್ರಿಯಾ ದವಿದಾರ್ ನೀಲಗಿರಿಯಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಸಕ್ಕರೆ ತಯಾರಿಸಲು ಬಿಸಿಲು ಬೇಕು. ದಟ್ಟ ನೆರಳಿನಲ್ಲಿ ಬಂದಳಿಕೆ ಸೊಕ್ಕುವುದಿಲ್ಲ. ಘಾನಾದ ಕೊಕೊ ತೋಟಗಳಲ್ಲಿ ನೆರಳಿನ ಮರ ಕಡಿದಲ್ಲೆಲ್ಲ ಇದರ ಬಂಧುವಾದ ಇನ್ನೊಂದು ಬಂದಳಿಕೆ ಹೆಚ್ಚಿದ್ದು ಗೊತ್ತಿರುವ ಸಂಗತಿ. ಕೊಡಗಿನ ಕಥೆಯನ್ನೂ ಹೀಗೆಯೇ ಓದಬೇಕು ಎಂಬುದು ನನ್ನ ವಾದ.

ಫೌಲರ್ ಎಂಬ ಯುರೋಪಿಯನ್ 1854ರಲ್ಲಿ ಮಡಿಕೇರಿಯಲ್ಲಿ ತೋಟ ಮಾಡಿದ. ಅವನ ಹಿಂದೆ ಬಂದವರು ಕಾಡನ್ನು ಬೋಳಿಸಿ ಕಾಫಿ ನೆಟ್ಟರು. 1860ರ ದಶಕದಲ್ಲಿ ಕಾಫಿ ಗಿಡದ ಕಾಂಡ ಕೊರೆಯುವ ಹುಳು, ಕಾಂಡಕೊರಕ, ಅಪ್ಪಳಿಸಿದ ಮೇಲೆ ನೆರಳಿನ ಬೆಲೆ ತಿಳಿಯಿತು. ಅತ್ತಿ, ಹಲಸು, ಬಳಂಜಿ, ಬೀಟೆಗಳ ಕೆಳಗೆ ಕಾಫಿ ಬೆಳೆಯುವ ಪದ್ಧತಿ ಗಟ್ಟಿಯಾಯಿತು. ಮುಂದೆ ಅರೇಬಿಕಾಗಿಂತ ಕಡಿಮೆ ನೆರಳು ಸಾಕೆನ್ನುವ ರೋಬಸ್ಟಾ ಹಬ್ಬಿತು. 1990ರ ದಶಕದಲ್ಲಿ ಕಾಫಿಯ ಮಾರಾಟವು ಸರ್ಕಾರಿ ಕಾಫಿ ಮಂಡಳಿಯ ಹಿಡಿತದಿಂದ ಬಿಡುಗಡೆಯಾದ ಮೇಲೆ ಇಳುವರಿಯ ಹಂಬಲಕ್ಕೆ ಮೇಲಿನ ಚಪ್ಪರ ಇನ್ನಷ್ಟು ತೆಳುವಾಯಿತು. ಕಾಡುಮರಗಳ ಜಾಗಕ್ಕೆ ಆಸ್ಟ್ರೇಲಿಯದ ಸಿಲ್ವರ್ ಓಕ್ ಬಂತು. ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ನೆಟ್ಟನೆಯ ಆಸರೆ, ಎಲ್ಲಕ್ಕಿಂತ ಮುಖ್ಯವಾಗಿ ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕಡಿಯಲು ಅನುಮತಿ ಬೇಡ. ಬೀಟೆ ಬೆಳೆಸಿದವನಿಗೆ ಕಚೇರಿಯ ಅಲೆದಾಟ, ಸಿಲ್ವರ್ ಓಕ್ ಬೆಳೆಸಿದವನಿಗೆ ನೆಮ್ಮದಿ! ಬಂದಳಿಕೆಗೆ ಬೆಳಕಿನ ಬಾಗಿಲು ತೆರೆದುದರಲ್ಲಿ ಈ ಕಾನೂನಿನ ಪಾಲೂ ಇದೆ.

ಹಾಗೆಂದು ತೋಟದ ಎಲ್ಲ ನಷ್ಟವನ್ನೂ ಬಂದಳಿಕೆಯ ತಲೆಗೆ ಕಟ್ಟುವುದು ಸರಿಯಲ್ಲ. ಕೊಡಗಿನ ಕಿತ್ತಳೆ ಕ್ಷೀಣಿಸಲು ಮುಖ್ಯ ಕಾರಣ ಎಲೆ ಹಳದಿಯಾಗಿ ಗಿಡ ಸೊರಗುವ ಗ್ರೀನಿಂಗ್, ಬೇರು ಕೊಳೆಯಂಥ ರೋಗಗಳು.

ಮದ್ದು? ತೇಗದ ತೋಪುಗಳಲ್ಲಿ ಕಾಂಡಕ್ಕೆ ರಾಸಾಯನಿಕ ಚುಚ್ಚುವ ಪ್ರಯೋಗಗಳು ನಡೆದಿವೆ, ಮರಕ್ಕೂ ಅಪಾಯ ತಪ್ಪಿದ್ದಲ್ಲ. ಎಥೆಫಾನ್ ಎಂಬ ರಾಸಾಯನಿಕ ಸಿಂಪಡಿಸಿದರೆ ಬಂದಳಿಕೆಯ ಎಲೆ ಉದುರುತ್ತದೆ, ಆದರೆ ತೊಗಟೆಯೊಳಗಿನ ಬೇರು ಮತ್ತೆ ಚಿಗುರುತ್ತದೆ. ಸೊಪ್ಪು ಸವರಿ ಇಳಿದರೂ ಅದೇ ಗತಿ. ಹಣ್ಣಾಗುವ ಮೊದಲೇ, ಗಂಟಿಗಿಂತ ಒಂದಡಿಯಾದರೂ ಬುಡದ ಕಡೆಗೆ ಸರಿದು ಕೊಂಬೆಯನ್ನೇ ಕಡಿಯಬೇಕು. ಮುಂಗಾರಿಗೆ ಮುನ್ನ ಮರ ಕಪಾತು ಮಾಡುವಾಗ ಈ ಕೆಲಸ ತನ್ನಷ್ಟಕ್ಕೆ ನಡೆದುಹೋಗುತ್ತಿತ್ತು. ಈಗ ಎತ್ತರದ ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕರೂ ಅವರ ಕೂಲಿ ಕಾಫಿ ಕೊಯ್ಲಿನ ಕೂಲಿಯಂತಲ್ಲ. ಕಡಿಸಿದವರಿಗೂ ಪಕ್ಕದ ಪಾಳುತೋಟದಿಂದ ಹಕ್ಕಿ ಮತ್ತೆ ಬೀಜ ತರುತ್ತದೆ.

ಕಾಡಂಚಿನ ಮರಗಳಲ್ಲಿ, ದೇವರಕಾಡಿನಲ್ಲಿ ಇರುವುದನ್ನು ಮುಟ್ಟುವ ಅಗತ್ಯವಿಲ್ಲ. ಹಳದಿ ಕೆಂಪಿನ ಜೆಜೆಬೆಲ್ ಚಿಟ್ಟೆಯ ಮರಿಹುಳುಗಳು ತಿನ್ನುವುದು ಬಂದಳಿಕೆಯ ಎಲೆಯನ್ನೇ, ಸೂರಕ್ಕಿಗಳಿಗೆ ಅದರ ಹೂವಿನ ಮಕರಂದ ಬೇಕು. ಕತ್ತಿ ಆಡಬೇಕಾದದ್ದು ಕಾಫಿಯ ಮೇಲಿನ ಹಾಲುವಾಣಕ್ಕೆ, ಮನೆಯ ಹಿಂದಿನ ಮಾವು, ಸಪೋಟಗಳಿಗೆ. ಅದೂ ಪ್ರತಿ ವರ್ಷ.