ಬಣ್ಣದ ಕನ್ನಡಕ ಒಂದು ಸಲ ಹಾಕಿ ನೋಡೋಣ ಅಂದರೆ ತಪ್ಪೇನು?

ಪ್ರಶ್ನೆ: ಮಗ ನಾಲ್ಕನೇ ಕ್ಲಾಸು, ಡಿಸ್ಲೆಕ್ಸಿಯಾ (ಓದು-ಬರಹ ಕಲಿಯುವಲ್ಲಿ ತೊಡಕು) ಇದೆ. ಬಣ್ಣದ ಗಾಜಿನ ಕನ್ನಡಕ ಹಾಕಿದರೆ ಓದು ಸರಿಹೋಗುತ್ತದೆ ಅಂತ ಒಂದು ಸೆಂಟರ್‌ನವರು ಹೇಳುತ್ತಿದ್ದಾರೆ. ಅಪಾಯವಂತೂ ಇಲ್ಲ, ನೋಡಬಹುದಲ್ವಾ?

ಕಣ್ಣಿಗೆ ಅಪಾಯ ಇಲ್ಲ, ಸರಿ. ಜೇಬಿಗೆ ಮತ್ತು ಮಗನ ಒಂದು ವರ್ಷಕ್ಕೆ ಇದೆ.

ಈ ಕನ್ನಡಕ ಹೊಸದೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಇರ್ಲೆನ್ 1980ರ ದಶಕದಲ್ಲೇ ಇದನ್ನು ಪ್ರಚಾರಕ್ಕೆ ತಂದರು. 2009ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು ಸೇರಿ ಇದಕ್ಕೆ ಪುರಾವೆ ಇಲ್ಲ ಎಂದವು. ನನಗೆ ಜಾಸ್ತಿ ಹಿಡಿಸಿದ್ದು ಸ್ಕಾಟ್ಲೆಂಡ್‌ನ ಒಂದು ಅಧ್ಯಯನ, 2011ರದ್ದು. ಓದಿನಲ್ಲಿ ಹಿಂದಿದ್ದ 61 ಮಕ್ಕಳನ್ನು ಇದೇ ವಿಧಾನದ ಪರೀಕ್ಷಕರು ನೋಡಿ 47 ಮಕ್ಕಳಿಗೆ ಬಣ್ಣ ಬೇಕು ಅಂದರು. ಆಮೇಲೆ ಅವರು ಆರಿಸಿಕೊಟ್ಟ ಬಣ್ಣದ ಪಾರದರ್ಶಕ ಹಾಳೆ, ಬೇರೆ ಬಣ್ಣದ ಹಾಳೆ, ಬಣ್ಣವೇ ಇಲ್ಲದ ಹಾಳೆ, ಮೂರನ್ನೂ ಪುಟದ ಮೇಲಿಟ್ಟು ಓದಿಸಿದರೆ ಓದಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಕಾಣದಿರುವುದು ಸಹಜ. ಡಿಸ್ಲೆಕ್ಸಿಯಾದಲ್ಲಿ ಹೆಚ್ಚಾಗಿ ತೊಡಕಿರುವುದು ಸದ್ದನ್ನು ಅಕ್ಷರಕ್ಕೆ ಜೋಡಿಸುವ ಕಡೆ, ಕಣ್ಣಲ್ಲಿ ಅಲ್ಲ. 'ಕಿ'ಯನ್ನು 'ಕೀ' ಅಂತ ಓದುವ, ಒತ್ತಕ್ಷರ ಬಂದ ಕೂಡಲೇ ನಿಂತುಬಿಡುವ ಮಗುವಿಗೆ ಬೇಕಿರುವುದು ಕಾಗುಣಿತವನ್ನು ಸದ್ದಿನ ಸಮೇತ, ನಿಧಾನಕ್ಕೆ, ಮತ್ತೆ ಮತ್ತೆ ಕಲಿಸುವವರು. (ದೃಷ್ಟಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ, ಅದು ಬೇರೆ ವಿಷಯ.)

ಹಾಗಂತ ಪುರಾವೆ ಸಿಗದಿದ್ದದ್ದನ್ನು ಯಾರೂ ಕೊಡಲೇಬಾರದು ಅಂತಲ್ಲ, ಇವತ್ತಿನ ಒಳ್ಳೆಯ ಚಿಕಿತ್ಸೆಗಳೂ ಒಂದು ಕಾಲಕ್ಕೆ ಹಾಗೇ ಇದ್ದವು. ಆದರೆ ಕೊಡುವವರು 'ಇದು ಕೆಲಸ ಮಾಡುತ್ತದೋ ಗೊತ್ತಿಲ್ಲ' ಅಂತ ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಬೇಕು. ಶುರು ಮಾಡುವಾಗಲೇ ಓದನ್ನು ಅಳೆದು, ಯಾವತ್ತು ನಿಲ್ಲಿಸುವುದು ಅಂತ ಬರೆದಿಡಬೇಕು. ಈಗ ನಡೆಯುತ್ತಿರುವ ಪಾಠ ಬಿಡಿಸಬಾರದು. ಫಲ ಕಾಣದಿದ್ದಾಗ 'ನಿಮ್ಮ ಮಗ ಸರಿಯಾಗಿ ಹಾಕಿಕೊಳ್ಳಲಿಲ್ಲ' ಅನ್ನುವುದಂತೂ, ನನ್ನ ಲೆಕ್ಕದಲ್ಲಿ, ದುಡ್ಡು ಹೊಡೆಯುವುದಕ್ಕಿಂತ ಕೆಟ್ಟದ್ದು, ಓದಲಾರದ ಮಗು ತಾನು ದಡ್ಡ ಅಂತ ಮೊದಲೇ ನಂಬಿರುತ್ತದೆ.

ಗೋಡೆಗೆ ಅಂಟಿಸಿದ ಪೋಷಕರ ಮೆಚ್ಚುಗೆ ಪತ್ರಗಳನ್ನು ಬಿಡಿ. ಆ ಮಕ್ಕಳು ಅಷ್ಟರಲ್ಲಿ ಒಂದು ವರ್ಷ ದೊಡ್ಡವರಾಗಿರುತ್ತಾರೆ, ಜೊತೆಗೆ ಟ್ಯೂಷನ್ನೂ ಹೋಗಿರುತ್ತಾರೆ.

ಸೆಂಟರ್‌ಗೆ ಫೋನ್ ಮಾಡಿ ಒಂದೇ ಕೇಳಿ: 'ಮೂರು ತಿಂಗಳಲ್ಲಿ ಓದು ಸುಧಾರಿಸದಿದ್ದರೆ ಏನು ಮಾಡುತ್ತೀರಿ?' 'ಇನ್ನೂ ಮೂರು ತಿಂಗಳು' ಅಂದರೆ ಫೋನ್ ಇಟ್ಟುಬಿಡಿ. ಮಗನನ್ನೂ ಕೇಳಿ, ಆ ಬಣ್ಣದ ಕನ್ನಡಕ ಹಾಕಿಕೊಂಡು ಕ್ಲಾಸಿನಲ್ಲಿ ಕೂರಬೇಕಾದವನು ಅವನೇ.